ಎಂಜಿನು ಕಟ್ಟುವ ವಿದ್ಯೆ

ಕಾರ್ಖಾನೆಯಿಂದ ಹೊರಬರುವ ಕಾರಿನ ಎಂಜಿನು ಹಲವು ಬೇಡಿಕೆಗಳನ್ನು ಸರಿದೂಗಿಸಬೇಕಾಗುತ್ತದೆ. ಅದರ ಬೆಲೆ ಮಿತಿಯಲ್ಲಿರಬೇಕು. ಅದು ಇಂಧನವನ್ನು ಅತಿಯಾಗಿ ಬಳಸಬಾರದು. ಬಹುಕಾಲ ಬಾಳಿಕೆ ಬರಬೇಕು. ಇವುಗಳ ನಡುವೆ ವೇಗಕ್ಕೆ ದೊರೆಯುವ ಪಾಲು ಸ್ವಲ್ಪವೇ. ಆದುದರಿಂದ ಓಟದ ಸ್ಪರ್ಧೆಗೆ ಇಳಿಯುವವನು ಎಂಜಿನನ್ನು ಬಿಚ್ಚಿ ಮತ್ತೆ ಕಟ್ಟಬೇಕಾಗುತ್ತದೆ. ಅದಕ್ಕೆ ಬೇಕಾದ ಭಾಗಗಳು ಎಲ್ಲಿ ದೊರೆಯುತ್ತವೆ? ಯಾವ ಭಾಗ ಯಾವುದಕ್ಕೆ ಹೊಂದುತ್ತದೆಂಬ ತಿಳಿವಳಿಕೆ ಎಲ್ಲಿಂದ ಬರುತ್ತದೆ? ಅಮೆರಿಕದ ತರುಣರು ಈ ಪ್ರಶ್ನೆಗಳಿಗೆ ಉತ್ತರ ಕಂಡುಕೊಂಡ ಬಗೆ ಸ್ವಾರಸ್ಯಕರವಾಗಿದೆ.

1932ರಲ್ಲಿ ಫೋರ್ಡ್ ಕಂಪನಿಯು ಎಂಟು ಸಿಲಿಂಡರುಗಳ ಎಂಜಿನುಳ್ಳ ಕಾರನ್ನು ಸಾಮಾನ್ಯರಿಗೆ ಎಟಕುವ ಬೆಲೆಗೆ ಮಾರಾಟಕ್ಕೆ ತಂದಿತು. ಆ ಎಂಜಿನಿನ ಶಕ್ತಿ 65 ಅಶ್ವಶಕ್ತಿ. ಕೆಲವೇ ವರ್ಷಗಳಲ್ಲಿ ಹಳೆಯದಾದ ಇಂತಹ ಕಾರುಗಳು ಗುಜರಿ ಅಂಗಡಿಗಳನ್ನು ಸೇರತೊಡಗಿದವು. ದಕ್ಷಿಣ ಕ್ಯಾಲಿಫೋರ್ನಿಯದ ತರುಣರು ಅಲ್ಲಿಂದ ಅಗ್ಗದ ಬೆಲೆಗೆ ಎಂಜಿನುಗಳನ್ನು ತಂದು, ತಿದ್ದಿ, ಒಣಗಿದ ಕೆರೆಗಳ ವಿಶಾಲವಾದ ಬಯಲಿನಲ್ಲಿ ಓಡಿಸುತ್ತಿದ್ದರು. ವೇಗವನ್ನು ನಿಖರವಾಗಿ ಅಳೆಯಲು 1937ರಲ್ಲಿ ಅವರದೇ ಒಂದು ಸಂಘ ಹುಟ್ಟಿತು. ಗುಜರಿಯಲ್ಲಿ ದೊರೆಯದ ಭಾಗಗಳನ್ನು ವಿಕ್ ಎಡೆಲ್‌ಬ್ರಾಕ್‌ನಂತಹ ಕುಶಲಿಗಳು ತಮ್ಮ ಚಿಕ್ಕ ಕಾರ್ಯಾಗಾರಗಳಲ್ಲಿ ತಾವೇ ತಯಾರಿಸಿದರು. 1948ರಲ್ಲಿ 'ಹಾಟ್ ರಾಡ್' ಎಂಬ ಮಾಸಪತ್ರಿಕೆ ಹೊರಬಂದು, ಒಬ್ಬರ ಅನುಭವವು ಅನೇಕರ ಸೊತ್ತಾಗಲು ದಾರಿಯಾಯಿತು.

ಎಂಜಿನಿನ ಶಕ್ತಿಯನ್ನು ಹೆಚ್ಚಿಸುವುದು ಹೇಗೆ? ಹೆಚ್ಚು ಗಾಳಿಯನ್ನು ಒಳಗೆ ತರುವುದು ಒಂದು ಮಾರ್ಗ. ಬಂದ ಮಿಶ್ರಣವನ್ನು ಇನ್ನಷ್ಟು ಒತ್ತುವುದು ಇನ್ನೊಂದು. ಒಂದು ಲೆಕ್ಕವನ್ನು ನೋಡೋಣ. ಪಿಸ್ಟನ್ನು ಚಲಿಸುವ ಭಾಗದ ಗಾತ್ರ 580 ಘನ ಸೆಂಟಿಮೀಟರು, ಅದರ ಮೇಲಿನ ದಹನಕೋಶದ ಗಾತ್ರ 72.5 ಘನ ಸೆಂಟಿಮೀಟರು ಎಂದಿರಲಿ. ಆಗ ಮಿಶ್ರಣವು ಒಂಬತ್ತನೆಯ ಒಂದು ಪಾಲಿಗೆ ಕುಗ್ಗುತ್ತದೆ. ದಹನಕೋಶವನ್ನು 58 ಘನ ಸೆಂಟಿಮೀಟರಿಗೆ ಇಳಿಸಿದರೆ ಅದು ಹನ್ನೊಂದನೆಯ ಒಂದು ಪಾಲಿಗೆ ಕುಗ್ಗಿ, ಅಷ್ಟೇ ಇಂಧನದಿಂದ ಹೆಚ್ಚು ಕೆಲಸ ದೊರೆಯುತ್ತದೆ. ಆದರೆ ಮಿತಿ ಮೀರಿ ಒತ್ತಿದರೆ ಮಿಶ್ರಣವು ಹದತಪ್ಪಿ ಸಿಡಿದು ಪಿಸ್ಟನ್ನನ್ನೇ ತೂತು ಮಾಡೀತು.

1955ರಲ್ಲಿ ಷೆವ್ರೊಲೆ ಕಂಪನಿಯು 265 ಘನ ಅಂಗುಲದ ಹೊಸ ಎಂಜಿನನ್ನು ಹೊರತಂದಿತು. ಮುಂದೆ ಅದನ್ನು ಎಷ್ಟು ದೊಡ್ಡದು ಮಾಡಿದರೂ ಅಕ್ಕಪಕ್ಕದ ಸಿಲಿಂಡರುಗಳ ನಡುಗೆರೆಗಳ ಅಂತರವು 4.4 ಅಂಗುಲವಾಗಿಯೇ ಉಳಿಯಿತು. ಇದರಿಂದ ಒಂದು ವರ್ಷದ ಅನೇಕ ಭಾಗಗಳು ಇನ್ನೊಂದು ವರ್ಷದ ಎಂಜಿನಿಗೆ ಹೊಂದುತ್ತಿದ್ದವು. ಕಂಪನಿಯೇ ಇದರ ಲಾಭ ಪಡೆಯಿತು. 1967ರಲ್ಲಿ ಒಂದು ಸ್ಪರ್ಧೆಯ ನಿಯಮದಂತೆ ಎಂಜಿನು 305 ಘನ ಅಂಗುಲವನ್ನು ಮೀರುವಂತಿರಲಿಲ್ಲ. ಕಂಪನಿಯ ಬಳಿ 327 ಮತ್ತು 283 ಘನ ಅಂಗುಲದ ಎಂಜಿನುಗಳಿದ್ದವು. ಮೊದಲನೆಯದರ 4 ಅಂಗುಲ ಅಗಲದ ಸಿಲಿಂಡರಿಗೆ ಎರಡನೆಯದರ 3 ಅಂಗುಲದ ಚಲನೆಯನ್ನು ಜೋಡಿಸಲು, 302 ಘನ ಅಂಗುಲದ ಎಂಜಿನು ಸಿದ್ಧವಾಯಿತು!

ಆದರೆ ಬೆಳ್ಳಗಿರುವುದೆಲ್ಲ ಹಾಲಲ್ಲ. 1968ರಿಂದ ಕ್ರ್ಯಾಂಕ್ ದಂಡದ ಮುಖ್ಯ ಆಧಾರಭಾಗಗಳ ವ್ಯಾಸವು 2.30 ಅಂಗುಲದಿಂದ 2.45 ಅಂಗುಲಕ್ಕೆ ಏರಿತು. ಹೊರನೋಟಕ್ಕೆ ಎರಡೂ ಎಂಜಿನುಗಳು ಒಂದೇ. ಆದರೆ ಹೊಸ ದಂಡವು ಹಳೆಯ ಎಂಜಿನಿನೊಳಗೆ ಕೂರದು. ಆದುದರಿಂದ ಗುಜರಿಗೆ ಹೋದ ಜಾಣನು ಮೊದಲು ಧೂಳು ಒರೆಸಿ, ಎರಕದ ಮೈಮೇಲೆ ಮೂಡಿರುವ ಸಂಖ್ಯೆಯನ್ನು ಓದುತ್ತಾನೆ. ಭಾಗವು ಯಾವ ಕಾಲದ್ದು, ಯಾವ ಬಗೆಯದು ಎಂಬುದನ್ನು ಆ ಸಂಖ್ಯೆಯಿಂದ ಅರಿಯಬಹುದು. ಬಳಿಕ ಅವನು ಪುಸ್ತಕಗಳ ನೆರವು ಪಡೆಯುತ್ತಾನೆ. ಭಾಗಗಳ ಪಟ್ಟಿಯು ಅವುಗಳ ಗುರುತನ್ನು ಹೇಳುತ್ತದೆ; ಯಾವುದರ ಬದಲಿಗೆ ಯಾವುದು ಸಲ್ಲುತ್ತದೆಂಬುದನ್ನು ಬದಲಿ ಭಾಗಗಳ ಕೈಪಿಡಿ ತಿಳಿಸುತ್ತದೆ; ಬಿಡಬೇಕಾದ ಸಂದಿನ ಅಳತೆ ದುರಸ್ತಿಯ ಕೈಪಿಡಿಯಲ್ಲಿರುತ್ತದೆ. ಹಾಗಿದ್ದರೂ ಪುಸ್ತಕವನ್ನಷ್ಟೇ ನಂಬಿದರೆ ಸಾಲದು. ಸವೆದ ಭಾಗದ ನಿಜಸ್ಥಿತಿಯನ್ನು ಹೇಳಬಲ್ಲುದು ಮೈಕ್ರೋಮೀಟರು ಮಾತ್ರ.

ಇಷ್ಟೊಂದು ಎಚ್ಚರವೇಕೆ? ನಿಮಿಷಕ್ಕೆ 6000 ಸುತ್ತು ತಿರುಗುವ ಎಂಜಿನಿನಲ್ಲಿ ಪ್ರತಿಯೊಂದು ಪಿಸ್ಟನ್ನೂ ಸೆಕೆಂಡಿಗೆ 200 ಬಾರಿ ನಿಂತು ದಿಕ್ಕು ಬದಲಿಸುತ್ತದೆ. ಬೇರಿಂಗು ಮತ್ತು ದಂಡದ ನಡುವೆ ಇರುವ ಎಣ್ಣೆಯ ಪದರ ಕೂದಲೆಳೆಗಿಂತ ತೆಳುವಾದುದು. ಅಲ್ಲಿ ಅಳತೆ ತಪ್ಪಿದರೆ ಬೇರಿಂಗು ಕರಗಿ, ಪಿಸ್ಟನ್ನಿನ ಸರಳು ಮುರಿದು, ಎಂಜಿನಿನ ಮೈಯನ್ನೇ ಸೀಳಿ ಹೊರಬರಬಹುದು. ಚೆಲ್ಲಿದ ಎಣ್ಣೆಯ ಮೇಲೆ ಚಕ್ರ ಜಾರಿದರೆ, ಅಥವಾ ಅದಕ್ಕೆ ಬೆಂಕಿ ಹತ್ತಿದರೆ, ಚಾಲಕನ ಪ್ರಾಣಕ್ಕೇ ಅಪಾಯ. ಎಂಜಿನು ಕಟ್ಟುವವನ ಕೈಯಲ್ಲಿ ಲೋಹದ ತುಂಡುಗಳಷ್ಟೇ ಅಲ್ಲ, ಇನ್ನೊಬ್ಬರ ಜೀವವೂ ಇರುತ್ತದೆ.

ವೇಗವನ್ನು ಮೆಚ್ಚುವವರು ಬಹುಮಂದಿ. ಆದರೆ ಆ ವೇಗದ ಹಿಂದೆ ಎಣ್ಣೆ ಮೆತ್ತಿದ ಕೈಗಳ ತಾಳ್ಮೆಯೂ, ಪುಟ ತಿರುವಿ ಸಂಖ್ಯೆಗಳನ್ನು ಹೋಲಿಸಿ ನೋಡಿದ ಕಣ್ಣುಗಳ ಶ್ರದ್ಧೆಯೂ ಇರುತ್ತವೆ. ಊಹೆಗೆ ಎಡೆಗೊಡದೆ, ಅಳೆದು ಅರಿತು ಮಾಡಿದ ಕೆಲಸವೇ ಓಟದ ಕಣದಲ್ಲಿ ನಿಲ್ಲುತ್ತದೆ.