ಸ್ವಿಚ್ಚಿನ ಹಿಂಬಾಗಿಲಿಗೆ ಇನ್ನೂ ಹಳೇ ತಂತಿಯೇ ಏಕೆ?

ರಾಜಾಜಿನಗರ ಕೈಗಾರಿಕಾ ಪ್ರದೇಶದ ಸಣ್ಣ ಕಾರ್ಖಾನೆಯಿರಲಿ, ಕೆಂಗೇರಿಯ ಎಂಜಿನಿಯರಿಂಗ್ ಕಾಲೇಜಿನ ಲ್ಯಾಬ್ ಇರಲಿ, ಡಬ್ಬದಿಂದ ಈಗಷ್ಟೇ ತೆಗೆದ ಮ್ಯಾನೇಜ್ಡ್ ಸ್ವಿಚ್ಚಿಗೆ ಎಷ್ಟೋ ಸಲ ಐಪಿ ವಿಳಾಸವೇ ಇರುವುದಿಲ್ಲ. ವಿಳಾಸವಿಲ್ಲದ್ದನ್ನು ನೆಟ್‌ವರ್ಕಿನಲ್ಲಿ ಹುಡುಕುವುದೆಂತು? ಆಗ ಕೈಗೆ ಬರುವುದು ತಿಳಿನೀಲಿ ಬಣ್ಣದ ಚಪ್ಪಟೆ ಕನ್ಸೋಲ್ ಕೇಬಲ್. ಒಂದು ತುದಿ ಸ್ವಿಚ್ಚಿಗೆ, ಇನ್ನೊಂದು ಯುಎಸ್‌ಬಿ ಅಡಾಪ್ಟರ್ ಮೂಲಕ ಲ್ಯಾಪ್‌ಟಾಪಿಗೆ. ಪುಟ್ಟಿ ಎಂಬ ಟರ್ಮಿನಲ್ ತಂತ್ರಾಂಶ ತೆರೆದು, ಸೀರಿಯಲ್ ಆರಿಸಿ, ವೇಗ 9600 ಎಂದು ಕೊಟ್ಟು ಎಂಟರ್ ಒತ್ತಬೇಕು. ವೇಗ ತಪ್ಪಿದ್ದರೆ ಪರದೆ ತುಂಬ ಅರ್ಥವಾಗದ ಚಿಹ್ನೆಗಳು. ಸರಿಯಿದ್ದರೆ ಸ್ವಿಚ್ಚಿನ ಹೆಸರು, ಪಕ್ಕದಲ್ಲಿ ಮಿನುಗುವ ಕರ್ಸರ್. ಗಿಗಾಬಿಟ್ ಲೆಕ್ಕದಲ್ಲಿ ದತ್ತಾಂಶ ಸಾಗಿಸುವ ಪೆಟ್ಟಿಗೆ ಇಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 960 ಅಕ್ಷರ ಆಡುತ್ತದೆ.

ಈ ದಾರಿ ಸ್ವಿಚ್ಚಿಗಿಂತ ಹಳೆಯದು. ಮೋಡೆಮ್ ಮತ್ತು ಟೆಲಿಪ್ರಿಂಟರುಗಳನ್ನು ಜೋಡಿಸಲು 1960ರಲ್ಲಿ ಆರ್‌ಎಸ್-232 ಎಂಬ ಸೀರಿಯಲ್ ಮಾನದಂಡ ಬಂತು. 1978ರ ವಿಟಿ100 ಟರ್ಮಿನಲ್ ಕಾಗದದ ಜಾಗದಲ್ಲಿ ಪರದೆ ತಂದವುಗಳಲ್ಲಿ ಹೆಸರುವಾಸಿಯಾಯಿತು. ಕರ್ನಾಟಕಕ್ಕೂ ಈ ಕಾಲಘಟ್ಟ ಮುಖ್ಯ. 1984ರಲ್ಲಿ ಹುಟ್ಟಿದ ಸರ್ಕಾರಿ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್, 128 ಪೋರ್ಟುಗಳ ತನ್ನ ಗ್ರಾಮೀಣ ದೂರವಾಣಿ ಎಕ್ಸ್‌ಚೇಂಜನ್ನು 1986ರಲ್ಲಿ ಕಿತ್ತೂರಿನಲ್ಲಿ ನಿಲ್ಲಿಸಿತು. ಕರೆ ಜೋಡಿಸುವ ತೀರ್ಮಾನ ರಿಲೇಗಳಿಂದ ತಂತ್ರಾಂಶಕ್ಕೆ ಹೋದಮೇಲೆ, ಕಣ್ಣಿಗೆ ಕಾಣದ ದೋಷವನ್ನು ಯಂತ್ರವನ್ನೇ ಕೇಳಿ ತಿಳಿಯಬೇಕಾಯಿತು. ಕೇಳುವುದಕ್ಕೆ ಅಕ್ಷರವೇ ಸುಲಭದ ಸಾಧನ. ಕಲ್ಪನಾ ಎಂಬ ಅಮೆರಿಕದ ಕಂಪನಿ 1990ರಲ್ಲಿ ಈಥರ್‌ನೆಟ್ ಸ್ವಿಚ್ ಮಾರುಕಟ್ಟೆಗೆ ತಂದಾಗ, 1994ರಲ್ಲಿ ಸಿಸ್ಕೊ ಅದನ್ನು ಕೊಂಡಾಗ, ಸೀರಿಯಲ್ ದಾರಿ ಸಿದ್ಧವಾಗಿಯೇ ಇತ್ತು.

ಹಳೆಯದಕ್ಕೆ ಜೋತುಬಿದ್ದದ್ದಷ್ಟೇ ಇದು ಎಂದು ಕೆಲವರು ಹೇಳುತ್ತಾರೆ: ದೂರದಿಂದಲೇ ಲಾಗಿನ್ ಆಗಲು 1995ರಿಂದ ಎಸ್‌ಎಸ್‌ಎಚ್ ಇದೆ, ಈಗ ಕ್ಲೌಡ್ ಮೂಲಕ ನಿರ್ವಹಣೆಯೂ ಇದೆ. ದಿನನಿತ್ಯಕ್ಕೆ ಅವೇ ಸರಿ. ಆದರೆ ಅವೆಲ್ಲ ನಡೆಯುವುದು ಯಾವ ನೆಟ್‌ವರ್ಕನ್ನು ಸರಿಪಡಿಸಬೇಕೋ ಅದರ ಮೇಲೆಯೇ. ಸಿಸ್ಕೊ ಸ್ವಿಚ್ಚಿನ ಟ್ರಂಕ್ ಪೋರ್ಟಿಗೆ ಹೊಸ ವಿಎಲ್ಯಾನ್ (ತಾರ್ಕಿಕವಾಗಿ ಬೇರ್ಪಡಿಸಿದ ಜಾಲ) ಸೇರಿಸುವಾಗ ‘ಆ್ಯಡ್’ ಎಂಬ ಒಂದು ಪದ ಬಿಟ್ಟರೆ ಸಾಕು, ಅನುಮತಿಸಿದ ವಿಎಲ್ಯಾನುಗಳ ಹಳೆಯ ಪಟ್ಟಿ ಹೋಗಿ ಹೊಸದೊಂದೇ ಉಳಿಯುತ್ತದೆ. ಎಸ್‌ಎಸ್‌ಎಚ್ ಆ ಹಳೆಯ ಪಟ್ಟಿಯ ವಿಎಲ್ಯಾನ್ ಮೂಲಕ ಬರುತ್ತಿದ್ದರೆ ಆ ಕ್ಷಣವೇ ಕಡಿತ. ಕ್ಲೌಡ್ ಕೂಡ ಕುರುಡು. ಅಂಥ ಹೊತ್ತಿನಲ್ಲಿ ಸ್ವಿಚ್ಚಿಗೆ ವಿದ್ಯುತ್ ಇದ್ದರೆ ಸಾಕು, ಕನ್ಸೋಲ್ ಓಗೊಡುತ್ತದೆ. ನೆಟ್‌ವರ್ಕಿನ ಹಂಗಿಲ್ಲದಿರುವುದೇ ಅದರ ಶಕ್ತಿ. ಅದು ಉಳಿದುಬಂದದ್ದೂ ಅದಕ್ಕೇ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಭದ್ರತೆಯದು: ಕೇಬಲ್ ಚುಚ್ಚಲು ಸಾಧ್ಯವಾದವನು ಪಾಸ್‌ವರ್ಡನ್ನೂ ದಾಟಬಲ್ಲ. ನಿಜ. ಅದಕ್ಕೆ ಉತ್ತರ ಪೋರ್ಟ್ ತೆಗೆಯುವುದಲ್ಲ, ರ್‍ಯಾಕ್ ಇರುವ ಕೋಣೆಗೆ ಬೀಗ ಹಾಕುವುದು, ಬೀಗದ ಕೈ ಯಾರ ಬಳಿ ಇದೆಯೆಂದು ಬರೆದಿಡುವುದು.