ಕಾರ್ಡು ಕಳೆದಿಲ್ಲ, ಸರದಿಯಲ್ಲಿದೆ

ಬಬಲ್‌ಗಮ್ ಜೊತೆ ಸಿಕ್ಕ ಕ್ರಿಕೆಟಿಗರ ಚಿತ್ರಗಳಿಗೆ ರಬ್ಬರ್ ಬ್ಯಾಂಡ್ ಹಾಕಿ ಜೋಪಾನ ಮಾಡಿದವರ ಮಕ್ಕಳು ಈಗ ಪೋಕೆಮಾನ್, ಕ್ರಿಕೆಟ್ ಕಾರ್ಡುಗಳನ್ನು ಗ್ರೇಡಿಂಗ್‌ಗೆಂದು ಅಮೆರಿಕಕ್ಕೆ ಕಳಿಸುವ ಕಾಲ. ಪಿಎಸ್ಎ, ಬೆಕೆಟ್, ಸಿಜಿಸಿಯಂಥ ಸಂಸ್ಥೆಗಳು ಕಾರ್ಡು ಅಸಲಿಯೇ ಎಂದು ನೋಡಿ, 1ರಿಂದ 10ರೊಳಗೆ ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ಕಿನೊಳಗೆ ಮುಚ್ಚಿ ಹಿಂದಿರುಗಿಸುತ್ತವೆ. ತುಮಕೂರಿನ ಶೆಟ್ಟಿಹಳ್ಳಿಯಿಂದ ಹೊರಟ ಕಾರ್ಡು ತಿಂಗಳುಗಟ್ಟಲೆ ಬಾರದಿದ್ದರೆ ಅನುಮಾನಗಳು ಹುಟ್ಟುವುದು ಸಹಜ. ಅವುಗಳಲ್ಲಿ ಐದನ್ನು ಜರಡಿ ಹಿಡಿಯೋಣ.

ತಪ್ಪು ಕಲ್ಪನೆ: 45 ದಿನ ಅಂದಿದ್ದಾರೆ, ಪೋಸ್ಟ್ ಮಾಡಿ ಒಂದೂವರೆ ತಿಂಗಳಿಗೆ ಬರಬೇಕು.

ಸತ್ಯ: ಲೆಕ್ಕ ಶುರುವಾಗುವುದು ನೀವು ಪಾರ್ಸೆಲ್ ಕೊಟ್ಟ ದಿನದಿಂದಲ್ಲ, ಅವರು ಪೆಟ್ಟಿಗೆ ತೆರೆದು, ಎಣಿಸಿ, ದಾಖಲು ಮಾಡಿಕೊಂಡ ಮೇಲೆ. ಅದೂ ಕೆಲಸದ ದಿನಗಳ ಲೆಕ್ಕ. ವಾರಕ್ಕೆ ಐದರಂತೆ 45 ಕೆಲಸದ ದಿನವೆಂದರೆ ಒಂಬತ್ತು ವಾರ, ಅಂದರೆ 63 ದಿನ. ಅದು ಅಂದಾಜು ಅಷ್ಟೇ, ವಾಯಿದೆ ಅಲ್ಲ.

ತಪ್ಪು ಕಲ್ಪನೆ: ಒಂದು ಕಾರ್ಡು ನೋಡೋಕೆ ಎಷ್ಟು ಹೊತ್ತು ಬೇಕು? ತಡವಾಯಿತೆಂದರೆ ಕಳೆದುಹಾಕಿದ್ದಾರೆ.

ಸತ್ಯ: ನೋಡುವುದಕ್ಕೆ ಹೆಚ್ಚು ಹೊತ್ತು ಬೇಡ, ನಿಜ. ಆದರೆ ರಾಗಿ ಬೀಸುವುದು ಹತ್ತು ನಿಮಿಷದ ಕೆಲಸವಾದರೂ ಮಿಲ್ಲಿನಲ್ಲಿ ಡಬ್ಬಗಳ ಸಾಲು ಬಾಗಿಲಾಚೆಗೂ ಇದ್ದರೆ ಮನೆಗೆ ಬರುವುದು ಸಂಜೆಗೇ. ಕೊರೊನಾ ಕಾಲದಲ್ಲಿ ಮನೆಯಲ್ಲೇ ಕುಳಿತ ಜನ ಹಳೆಯ ಕಾರ್ಡು ಹುಡುಕಿ ತೆಗೆದರು, ಬೆಲೆಯೂ ಏರಿತು. ಮೂರು ತಿಂಗಳಲ್ಲಿ ಬರುತ್ತಿದ್ದುದಕ್ಕಿಂತ ಹೆಚ್ಚು ಕಾರ್ಡು ಮೂರೇ ದಿನದಲ್ಲಿ ಬಂದು ಬಿದ್ದವು ಎಂದು ಪಿಎಸ್ಎ ಹೇಳಿಕೊಂಡಿತು. 2021ರ ಮಾರ್ಚ್ 30ರಂದು ತನ್ನ ಬಹುತೇಕ ಸೇವೆಗಳಿಗೆ ಹೊಸ ಕಾರ್ಡು ತೆಗೆದುಕೊಳ್ಳುವುದನ್ನೇ ನಿಲ್ಲಿಸಿತು. ಕಾರ್ಡುಗಳು ಎಲ್ಲೂ ಹೋಗಿರಲಿಲ್ಲ, ಸರದಿಯಲ್ಲಿದ್ದವು.

ತಪ್ಪು ಕಲ್ಪನೆ: ತಡ ಮಾಡುತ್ತಿದ್ದಾರೆಂದರೆ ಸೂಕ್ಷ್ಮವಾಗಿ ನೋಡುತ್ತಿದ್ದಾರೆ, 10 ಖಾತ್ರಿ.

ಸತ್ಯ: ಕಾಯ್ದದ್ದಕ್ಕೆ ಅಂಕವಿಲ್ಲ. ಚಿತ್ರ ಮಧ್ಯದಲ್ಲಿದೆಯೇ, ಮೂಲೆ, ಅಂಚು, ಮೇಲ್ಮೈ ಹೇಗಿವೆ ಎಂಬ ನಾಲ್ಕರ ಮೇಲೆ ಅಂಕ ನಿಲ್ಲುತ್ತದೆ. ಆ ಅಂಕವೂ ವೇದವಾಕ್ಯವಲ್ಲ. 1991ರಲ್ಲಿ ಶುರುವಾದ ಪಿಎಸ್ಎ ಮೊಟ್ಟಮೊದಲು ಅಂಕ ಕೊಟ್ಟಿದ್ದು ಬೇಸ್‌ಬಾಲ್ ಆಟಗಾರ ಹೋನಸ್ ವ್ಯಾಗ್ನರ್‌ನ ಹಳೆಯ ಕಾರ್ಡಿಗೆ, ಸಿಕ್ಕಿದ್ದು 8. ಅದರ ಅಂಚನ್ನು ತಾನೇ ಕತ್ತರಿಸಿದ್ದಾಗಿ ಹರಾಜುಗಾರ ಬಿಲ್ ಮಾಸ್ಟ್ರೋ 2013ರಲ್ಲಿ ಒಪ್ಪಿಕೊಂಡ.

ತಪ್ಪು ಕಲ್ಪನೆ: ದುಡ್ಡು ಹೆಚ್ಚು ಕೊಟ್ಟು ಎಕ್ಸ್‌ಪ್ರೆಸ್ ಹಾಕಿದರೆ ಬೇಗ ಕೈಸೇರುತ್ತದೆ.

ಸತ್ಯ: ಆ ದುಡ್ಡು ಕಂಪನಿಯೊಳಗಿನ ಸಾಲನ್ನಷ್ಟೇ ಮೊಟಕು ಮಾಡುತ್ತದೆ. ಏಜೆಂಟರ ಮೂಲಕ ಒಟ್ಟಾಗಿ ಕಳಿಸಿದರೆ, ಗುಬ್ಬಿ, ಕುಣಿಗಲ್ ಕಡೆಯವರ ಕಾರ್ಡುಗಳೂ ಸೇರಿ ಪೆಟ್ಟಿಗೆ ತುಂಬುವವರೆಗೆ ನಿಮ್ಮದು ಹೊರಡುವುದೇ ಇಲ್ಲ. ವಾಪಸು ಬರುವಾಗ ಕಸ್ಟಮ್ಸ್ ಬೇರೆ.

ತಪ್ಪು ಕಲ್ಪನೆ: ತಡವೆಲ್ಲ ಗ್ರೇಡಿಂಗ್ ಕಂಪನಿಯದ್ದೇ ತಪ್ಪು.

ಸತ್ಯ: ಅಮೆರಿಕ ಸಣ್ಣ ಪಾರ್ಸೆಲ್‌ಗಳ ಸುಂಕ ವಿನಾಯಿತಿ ತೆಗೆದಾಗ ನಮ್ಮ ಅಂಚೆ ಇಲಾಖೆಯೇ 2025ರ ಆಗಸ್ಟ್ 25ರಿಂದ ಅಲ್ಲಿಗೆ ಪಾರ್ಸೆಲ್ ಕಳಿಸುವುದನ್ನು ನಿಲ್ಲಿಸಿತ್ತು. ಮತ್ತೆ ಶುರುವಾದದ್ದು ಅಕ್ಟೋಬರ್ 15ಕ್ಕೆ. ಹಾಗೆಂದು ಕಂಪನಿಗಳು ತಪ್ಪೇ ಮಾಡುವುದಿಲ್ಲ ಎಂದಲ್ಲ. ಯಾರನ್ನು ಕೇಳಬೇಕೆಂದು ತಿಳಿಯಲು ಕಾರ್ಡು ಎಲ್ಲಿ ನಿಂತಿದೆ ಎಂಬುದು ಮೊದಲು ಗೊತ್ತಿರಬೇಕು.

ಆದ್ದರಿಂದ ಕಳಿಸುವ ಮುನ್ನ ಕಾರ್ಡಿನ ಎರಡೂ ಮಗ್ಗುಲಿನ ಫೋಟೊ ತೆಗೆದಿಡಿ. ಅಂಚೆ ರಸೀದಿ, ಅರ್ಜಿ ಸಂಖ್ಯೆ ಎರಡನ್ನೂ ಜೋಪಾನ ಮಾಡಿ. ಏಜೆಂಟರಾದರೆ ಪೆಟ್ಟಿಗೆ ಹೊರಡುವ ತಾರೀಖನ್ನು ಬರೆಸಿಕೊಳ್ಳಿ. ಮುಂದಿನ ತಿಂಗಳು ಮಾರಬೇಕಾದ ಕಾರ್ಡನ್ನು ಮಾತ್ರ ಗ್ರೇಡಿಂಗ್‌ಗೆ ಕಳಿಸಲೇಬೇಡಿ.