ದತ್ತಾಂಶಕ್ಕೆ ಯಾವ ಅಂತಸ್ತು?

ಮಲ್ಲೇಶ್ವರದ ಸಮೀಪದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1970ರ ದಶಕದಲ್ಲಿ ಐಬಿಎಂ 360/44 ಮೇನ್‌ಫ್ರೇಮ್ ಇತ್ತು. ಆ ಪೀಳಿಗೆಯ ಗಣಕಗಳ ದತ್ತಾಂಶ ಡಿಸ್ಕ್ ಮತ್ತು ಟೇಪ್‌ಗಳಲ್ಲಿರುತ್ತಿತ್ತು. ಇಂದು ಅವುಗಳ ಮೇಲೆ ಫ್ಲ್ಯಾಶ್ ಅಂತಸ್ತೂ ಸೇರಿದೆ. ಯಾವುದನ್ನು ಎಲ್ಲಿಡಬೇಕು?

ನಿಮಿಷಕ್ಕೆ 15,000 ಬಾರಿ ತಿರುಗುವ ಡಿಸ್ಕ್‌ನ ಒಂದು ಸುತ್ತಿಗೆ 4 ಮಿಲಿಸೆಕೆಂಡು. ಬೇಕಾದ ದತ್ತಾಂಶ ಹೆಡ್‌ನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಅಂದರೆ 2 ಮಿಲಿಸೆಕೆಂಡು ಕಾಯಬೇಕು. ಹೆಡ್ ಸರಿಯುವ ಕಾಲವೂ ಸೇರಿ 6 ಎನ್ನೋಣ.

ಬ್ಯಾಂಕೊಂದರ ರಾತ್ರಿಯ ಬಡ್ಡಿ ಲೆಕ್ಕಕ್ಕೆ ಒಂದಾದ ಮೇಲೊಂದರಂತೆ 40 ಲಕ್ಷ ಓದುಗಳು ಬೇಕು, ಇರುವ ಸಮಯ 4 ಗಂಟೆ ಎಂದುಕೊಳ್ಳಿ. ಭಾಗಿಸಿದರೆ ಓದಿಗೆ 3.6 ಮಿಲಿಸೆಕೆಂಡು. ಇದೇ ಪ್ರತಿಕ್ರಿಯಾ ಕಾಲದ ಮಿತಿ. ಡಿಸ್ಕ್‌ನಲ್ಲಾದರೆ ಕೆಲಸ ಆರೂವರೆ ಗಂಟೆ ಮೀರಿ, ಬೆಳಿಗ್ಗೆ ಗಿರಾಕಿಗಳು ಕಾಯಬೇಕಾದೀತು. ಒಂದು ಮಿಲಿಸೆಕೆಂಡಿನೊಳಗೆ ಉತ್ತರಿಸುವ ಫ್ಲ್ಯಾಶೇ ಬೇಕು. ಅಪರೂಪಕ್ಕೆ ಕೇಳುವ ಹಳೆಯ ದಾಖಲೆಗೆ ಟೇಪ್ ಸಾಕು. ಮೊದಲು ಕಾಯಬಲ್ಲ ಕಾಲವನ್ನು ಲೆಕ್ಕಹಾಕಿ, ಆಮೇಲೆ ಅಂತಸ್ತನ್ನು ಆರಿಸಬೇಕು.